ಮುಂದಿನ ಗಾಲಿಗಳ ಮುನಿಸು

ಬೇಸಗೆಯ ಮಧ್ಯಾಹ್ನದಲ್ಲಿ ಬೆಂಗಳೂರಿನ ಬೀದಿಯ ಮೂಲೆಯೊಂದರಲ್ಲಿ ನಿಂತು ಎಳನೀರು ಕುಡಿಯುವವರು ಕಾಯಿಯ ಗಾತ್ರವನ್ನು ನೋಡುತ್ತಾರೆ, ಬೆಲೆ ಕೇಳಿ ಹುಬ್ಬೇರಿಸುತ್ತಾರೆ, ಕುಡಿದಾದ ಮೇಲೆ ಒಳಗೆ ಗಂಜಿಯುಂಟೋ ಎಂದು ವಿಚಾರಿಸುತ್ತಾರೆ. ತೋಟದಿಂದ ಬೀದಿಯವರೆಗೆ ಆ ಕಾಯಿಯನ್ನು ಹೊತ್ತು ತಂದ ವಾಹನದ ಕಡೆಗೆ ಕಣ್ಣು ಹಾಯಿಸುವವರು ವಿರಳ. ಬಣ್ಣ ಮಾಸಿದ, ಬಾಗಿಲಿಗೆ ಹಗ್ಗ ಬಿಗಿದ, ಮೂತಿಯಲ್ಲಿ ನಿಂಬೆಹಣ್ಣು ಮೆಣಸಿನಕಾಯಿ ತೂಗುವ ಆ ಪಿಕಪ್ ಗಾಡಿಯ ಮುಂದಿನ ಗಾಲಿಗಳು ನೆಟ್ಟಗಿವೆಯೋ ಇಲ್ಲವೋ ಎಂಬುದು ತಮಗೆ ಸಂಬಂಧಿಸಿದ ವಿಷಯವೆಂದು ಯಾರಿಗೂ ತೋರುವುದಿಲ್ಲ. ಆದರೆ ಅದೇ ರಸ್ತೆಯಲ್ಲಿ ಎದುರಿನಿಂದ ಬರುವ ಬಸ್ಸಿನಲ್ಲಿ ಅವರ ಮಕ್ಕಳೂ ಕುಳಿತಿರುತ್ತಾರೆ.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿಗೆ ಸೇರಿದ ಅಮೃತೂರು ಇಂತಹ ಗಾಡಿಗಳ ಸೀಮೆ. ಹೋಬಳಿಯ ಕೇಂದ್ರವಾದ ಈ ಊರಿನ ಸುತ್ತಮುತ್ತ ತೆಂಗಿನ ತೋಟಗಳಿವೆ. ಕಾಯಿ ಕುಣಿಗಲ್ಲಿಗೆ ಹೋಗಬೇಕು, ಮದ್ದೂರಿನ ಎಳನೀರು ಮಾರುಕಟ್ಟೆಗೆ ಹೋಗಬೇಕು, ಬೆಂಗಳೂರಿಗೂ ಹೋಗಬೇಕು. ದಾರಿ ಮೊದಲಾಗುವುದು ತೋಟದ ಓಣಿಯ ಕೊರಕಲಿನಲ್ಲಿ. ಮುಂದೆ ಹಳ್ಳಿಗೊಂದರಂತೆ ರಸ್ತೆಯುಬ್ಬು. ಕೊನೆಗೆ ಹೆದ್ದಾರಿಯ ವೇಗ. ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸವನ್ನು ಮೊದಲು ಜೀಪಿನ ವಂಶದ ಗಾಡಿಗಳೂ, ೧೯೮೬ರಲ್ಲಿ ಬಂದ ಟಾಟಾ ೪೦೭ ಮತ್ತು ಅದರ ಬೆನ್ನಿಗೇ ಬಂದ ಬಗೆಬಗೆಯ ಪಿಕಪ್ಪುಗಳೂ ವಹಿಸಿಕೊಂಡವು. ಇವುಗಳ ಆಯುಸ್ಸು ದೊಡ್ಡದು. ಪಟ್ಟಣದವರು ಮಾರಿ ಕೈ ತೊಳೆದುಕೊಂಡ ಗಾಡಿ ಹಳ್ಳಿಯಲ್ಲಿ ಇನ್ನೂ ಹತ್ತು ವರ್ಷ ದುಡಿಯುತ್ತದೆ.

ಅಂತಹ ಒಂದು ಗಾಡಿಯನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸು ಇಪ್ಪತ್ತರ ಆಸುಪಾಸು. ಯಜಮಾನರು ಸಣ್ಣ ತೋಟಗಾರರು, ಗಾಡಿಯನ್ನು ತಾವೇ ಓಡಿಸುವವರು. ಹೊಸ ಟೈರು ಹಾಕಿಸಿ ನಾಲ್ಕು ತಿಂಗಳು ತುಂಬಿಲ್ಲ. ಎಡಗಡೆಯ ಮುಂದಿನ ಟೈರಿನ ಒಳಅಂಚು ಆಗಲೇ ಬೋಳಾಗಿ ನೂಲು ಕಾಣಿಸುತ್ತಿದೆ. ಹೊರಅಂಚು ಮಾತ್ರ ಅಂಗಡಿಯಿಂದ ತಂದ ದಿನದಂತೆಯೇ ಇದೆ. ಟೈರಿನ ಹಣ ಹೋದ ಸಂಕಟ ಒಂದು ಕಡೆ. ನೇರವಾಗಿ ಹೋಗೆಂದರೆ ಗಾಡಿ ಬದುವಿನ ಕಡೆಗೆ ವಾಲುತ್ತದೆಂಬ ಅಂಜಿಕೆ ಇನ್ನೊಂದು ಕಡೆ.

“ಮೇಸ್ತ್ರಿ, ಮೂರು ಸಲ ಅಲೈನ್‌ಮೆಂಟ್ ಮಾಡಿಸ್ದೆ. ಮಾಡಿಸಿದ ದಿನ ಸರಿಯಾಗಿರುತ್ತೆ, ವಾರ ಕಳೆಯೋದ್ರೊಳಗೆ ಮತ್ತೆ ಎಡಕ್ಕೇ ಎಳೆಯುತ್ತೆ. ಇನ್ನೊಂದು ಸಲ ರಾಡು ತಿರುಗಿಸಿ ನೋಡಿ.”

“ರಾಡು ತಿರುಗ್ಸೋದು ಆಮೇಲೆ ಗೌಡ್ರೇ. ಮೊದಲು ಗಾಡೀನ ಜಾಕಿ ಮೇಲೆ ಎತ್ತೋಣ.”

ಮೇಸ್ತ್ರಿ ಆಡಿದ ಈ ಮಾತಿನಲ್ಲಿ ವಿಷಯದ ತಿರುಳೆಲ್ಲ ಅಡಗಿದೆ. ಅದೇಕೆಂದು ತಿಳಿಯಲು ಗಾಲಿಗಳ ಸಂಸಾರವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಎರಡು ಗಾಲಿಯ ಎತ್ತಿನ ಗಾಡಿಗೆ ಈ ತೊಂದರೆಯೇ ಇಲ್ಲ. ಎತ್ತುಗಳು ತಿರುಗಿದತ್ತ ನೊಗ ತಿರುಗುತ್ತದೆ, ನೊಗ ತಿರುಗಿದತ್ತ ಅಚ್ಚು. ನಾಲ್ಕು ಗಾಲಿಯಾದೊಡನೆ ಕಷ್ಟ ತಲೆದೋರುತ್ತದೆ. ಜಾತ್ರೆಯ ತೇರನ್ನು ನೋಡಿದವರಿಗೆ ಇದು ಗೊತ್ತು. ತೇರಿನ ಅಚ್ಚು ತಿರುಗುವಂಥದಲ್ಲ. ಆದ್ದರಿಂದ ಭಕ್ತರು ಹಗ್ಗ ಜಗ್ಗುವಾಗ ಅನುಭವಸ್ಥರು ಗಾಲಿಯ ಬುಡಕ್ಕೆ ಮರದ ತುಂಡುಗಳನ್ನು ಕೊಟ್ಟು, ತೇರನ್ನು ಅಂಗುಲ ಅಂಗುಲವಾಗಿ ದಾರಿಗೆ ತರಬೇಕಾಗುತ್ತದೆ. ಕುದುರೆ ಸಾರೋಟಿನಲ್ಲಿ ಮುಂದಿನ ಅಚ್ಚನ್ನೇ ನಡುವಿನ ಮೊಳೆಯೊಂದರ ಮೇಲೆ ತಿರುಗಿಸುತ್ತಿದ್ದರು. ಇಡೀ ಅಚ್ಚು ತಿರುಗಿದರೆ ಗಾಡಿಯ ಆಸರೆ ಕಿರಿದಾಗಿ ಮಗುಚುವ ಭಯ. ೧೮೧೭ರ ಸುಮಾರಿನಲ್ಲಿ ಮ್ಯೂನಿಕ್ ನಗರದ ಸಾರೋಟು ತಯಾರಕ ಲಾಂಕೆನ್‌ಸ್ಪರ್ಗರ್ ಎಂಬಾತ ಅಚ್ಚನ್ನು ಅಲುಗಿಸದೆ, ತುದಿಯ ಗಾಲಿಗಳು ಮಾತ್ರ ತಮ್ಮ ತಮ್ಮ ಕೀಲಿನ ಮೇಲೆ ತಿರುಗುವಂತೆ ಮಾಡಿದನು. ೧೮೧೮ರಲ್ಲಿ ಅದರ ಪೇಟೆಂಟನ್ನು ಇಂಗ್ಲೆಂಡಿನಲ್ಲಿ ಪಡೆದವನು ಆತನ ಪ್ರತಿನಿಧಿ ಆಕರ್‌ಮನ್. ಶ್ರಮ ಒಬ್ಬನದು, ಹೆಸರು ಇನ್ನೊಬ್ಬನದು! ಇಂದಿಗೂ ಈ ಏರ್ಪಾಡಿಗೆ ಆಕರ್‌ಮನ್ನನ ಹೆಸರೇ ಉಳಿದಿದೆ. ಕಾರ್ಲ್ ಬೆನ್ಜ್ ೧೮೮೬ರಲ್ಲಿ ಪೇಟೆಂಟು ಪಡೆದ ಮೊದಲ ಮೋಟಾರು ಗಾಡಿಗೆ ಮೂರೇ ಗಾಲಿಗಳಿದ್ದುದಕ್ಕೂ ಕಾರಣ ಇದೇ. ಮುಂದೆ ಎರಡು ಗಾಲಿಯಿಟ್ಟು ತಿರುಗಿಸುವ ಬಗೆ ಆತನಿಗೆ ತೃಪ್ತಿಕರವಾಗಿ ಬಗೆಹರಿದದ್ದು ೧೮೯೩ರಲ್ಲಿ.

ಎರಡು ಗಾಲಿಗಳನ್ನು ಎರಡು ಬೇರೆ ಬೇರೆ ಕೀಲುಗಳ ಮೇಲೆ ನಿಲ್ಲಿಸಿದ ಮೇಲೆ, ಅವೆರಡೂ ಒಂದೇ ಮನಸ್ಸಿನಿಂದ ನಡೆಯುವಂತೆ ನೋಡಿಕೊಳ್ಳುವ ಹೊಣೆಯೂ ಬಂದಿತು. ಆ ಹೊಂದಾಣಿಕೆಗೇ ಅಲೈನ್‌ಮೆಂಟ್ ಎಂದು ಹೆಸರು. ಅದರಲ್ಲಿ ಮುಖ್ಯವಾದ ಓರೆಗಳು ಮೂರು.

ಮೊದಲನೆಯದು ಟೋ. ಕಾಲಿನ ಬೆರಳೆಂಬ ಅರ್ಥದ ಮಾತಿದು. ಕೆಲವರು ನಡೆಯುವಾಗ ಹೆಜ್ಜೆಗಳು ತುಸು ಒಳಮುಖವಾಗಿಯೂ ಕೆಲವರಿಗೆ ಹೊರಮುಖವಾಗಿಯೂ ಬೀಳುವುದುಂಟಲ್ಲ, ಗಾಲಿಗಳದೂ ಹಾಗೆಯೇ. ಮೇಲಿನಿಂದ ನೋಡಿದರೆ ಎರಡು ಗಾಲಿಗಳ ಮುಂಭಾಗ ಹಿಂಭಾಗಕ್ಕಿಂತ ಹತ್ತಿರವಿದ್ದಲ್ಲಿ ಒಳಮುಖ, ದೂರವಿದ್ದಲ್ಲಿ ಹೊರಮುಖ. ಹಿಂದಿನ ಗಾಲಿಗಳಿಂದ ನೂಕಲ್ಪಡುವ ಹಳೆಯ ಪಿಕಪ್ಪುಗಳಲ್ಲಿ ಮುಂದಿನವನ್ನು ಕೆಲವೇ ಮಿಲಿಮೀಟರಿನಷ್ಟು ಒಳಮುಖವಾಗಿಡುವುದು ವಾಡಿಕೆ. ಓಡುವಾಗ ನೆಲದ ಎಳೆತಕ್ಕೆ ಗಾಲಿಗಳು ಹೊರಕ್ಕೆ ಹರಡಲು ನೋಡುತ್ತವೆ. ಮೊದಲೇ ತುಸು ಒಳಗಿದ್ದರೆ ವೇಗದಲ್ಲಿ ನೇರಕ್ಕೆ ಬಂದು ನಿಲ್ಲುತ್ತವೆ. ಎರಡನೆಯದು ಕ್ಯಾಂಬರ್: ಎದುರಿನಿಂದ ನೋಡಿದಾಗ ಗಾಲಿಯ ನೆತ್ತಿ ಒಳಕ್ಕೆ ಅಥವಾ ಹೊರಕ್ಕೆ ವಾಲಿರುವುದು. ಮೂರನೆಯದಾದ ಕ್ಯಾಸ್ಟರ್ ಕಣ್ಣಿಗೆ ಬೀಳುವಂಥದಲ್ಲ. ಸೈಕಲ್ಲಿನ ಮುಂದಿನ ಕವೆ ನೆಟ್ಟಗಿರದೆ ಹಿಂದಕ್ಕೆ ಒರಗಿರುತ್ತದೆ. ಅದರಿಂದಲೇ ಪಡ್ಡೆ ಹುಡುಗರು ಕೈಬಿಟ್ಟು ಸೈಕಲ್ ಓಡಿಸುವ ಸಾಹಸ ತೋರಲು ಸಾಧ್ಯವಾಗುತ್ತದೆ. ಮೋಟಾರಿನ ಗಾಲಿಯ ಕೀಲೂ ಅದೇ ರೀತಿ ಹಿಂದಕ್ಕೆ ಒರಗಿರುವುದರಿಂದ, ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆ.

ಇಷ್ಟು ಸಣ್ಣ ಓರೆಗಳಿಂದ ಏನು ಮಹಾ ಎನ್ನುವವರು ಲೆಕ್ಕ ಹಾಕಿ ನೋಡಬೇಕು. ಟೈರಿನ ಎತ್ತರ ೭೦ ಸೆಂಟಿಮೀಟರ್ ಎಂದಿಟ್ಟುಕೊಂಡು, ಎರಡು ಗಾಲಿಗಳ ನಡುವಿನ ಅಂತರ ಮುಂದೆ ಹಿಂದೆ ಅಳೆದಾಗ ಒಟ್ಟು ೧೨ ಮಿಲಿಮೀಟರ್ ವ್ಯತ್ಯಾಸ ಬಂದಿತೆನ್ನಿ. ಒಂದೊಂದು ಗಾಲಿಯ ಪಾಲಿಗೆ ಸುಮಾರು ಅರ್ಧ ಡಿಗ್ರಿ. ರೇಖಾಗಣಿತದ ಪ್ರಕಾರ ಅಂತಹ ಗಾಲಿ ಪ್ರತಿ ಕಿಲೋಮೀಟರಿಗೆ ಎಂಟೂವರೆ ಮೀಟರಿನಷ್ಟು ಅಡ್ಡಕ್ಕೆ ಉಜ್ಜಲ್ಪಡಬೇಕು. ನೂರು ಕಿಲೋಮೀಟರಿಗೆ ೮೫೦ ಮೀಟರು. ಡಾಂಬರಿನ ಮೇಲೆ ಚಪ್ಪಲಿಯನ್ನು ಅಷ್ಟು ದೂರ ಅಡ್ಡಲಾಗಿ ಎಳೆದೊಯ್ದರೆ ಏನಾದೀತೋ ಟೈರಿಗೂ ಅದೇ ಆಗುತ್ತದೆ.

ಟೈರು ತನ್ನ ಕಷ್ಟವನ್ನು ಬರೆದೇ ಇಟ್ಟಿರುತ್ತದೆ. ಓದಲು ಬರಬೇಕು, ಅಷ್ಟೆ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು; ಎರಡು ಅಂಚೂ ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಗಾಲಿ ಆ ಕಡೆಗೆ ವಾಲಿದೆ. ಅಲ್ಲಲ್ಲಿ ಬಟ್ಟಲಿನಂತೆ ಗುಳಿ ಬಿದ್ದಿದ್ದರೆ ಷಾಕ್ ಅಬ್ಸಾರ್ಬರಿನ ಕಡೆಗೋ ಗಾಲಿಯ ಸಮತೂಕದ ಕಡೆಗೋ ನೋಡತಕ್ಕದ್ದು. ಟೈರಿನ ಮೈಮೇಲೆ ಅಡ್ಡಲಾಗಿ ಅಂಗೈ ಎಳೆದಾಗ ಒಂದು ದಿಕ್ಕಿಗೆ ನಯವಾಗಿಯೂ ಮರುದಿಕ್ಕಿಗೆ ಗರಗಸದಂತೆಯೂ ತಾಗಿದರೆ ಅದು ಟೋ ಕೆಟ್ಟಿರುವ ಗುರುತು. ಈ ಪರೀಕ್ಷೆಗೆ ಮುನ್ನ ಟೈರಿನಿಂದ ನೂಲೋ ತಂತಿಯೋ ಹೊರಬಂದಿಲ್ಲವೆಂದು ಕಣ್ಣಿನಿಂದ ನೋಡಿಕೊಳ್ಳಬೇಕು; ಸವೆದ ಟೈರಿನ ಉಕ್ಕಿನ ಎಳೆ ಅಂಗೈಯನ್ನು ಸೀಳಿಬಿಡುತ್ತದೆ. ಭಾರತದ ಮೋಟಾರು ನಿಯಮದಂತೆ ಇಂತಹ ವಾಹನದ ಟೈರಿನಲ್ಲಿ ಗೀರುಗಳ ಆಳ ೧.೬ ಮಿಲಿಮೀಟರಿಗಿಂತ ಕಡಿಮೆಯಾಗಕೂಡದು.

ಈಗ ಅಮೃತೂರಿನ ಗಾಡಿಗೆ ಮರಳಬಹುದು. ಯಜಮಾನರು ಎರಡು ರೋಗಗಳನ್ನು ಒಂದೆಂದು ಭಾವಿಸಿದ್ದಾರೆ. ಎಡಕ್ಕೆ ಎಳೆಯುವುದು ಒಂದು, ಒಳಅಂಚು ಸವೆಯುವುದು ಇನ್ನೊಂದು. ಮೇಸ್ತ್ರಿ ಮೊದಲು ಕೈಗೆತ್ತಿಕೊಳ್ಳುವುದು ಗಾಳಿ ಅಳೆಯುವ ಗೇಜನ್ನು. ಬಲಗಡೆ ಸರಿಯಾಗಿದೆ, ಎಡಗಡೆ ಹತ್ತು ಪೌಂಡು ಕಡಿಮೆ. ನೀರು ಹಾಕಿ ನೋಡಿದರೆ ವಾಲ್ವಿನ ಬುಡದಲ್ಲಿ ಸಣ್ಣ ಗುಳ್ಳೆ. ಗಾಳಿ ಇಳಿದ ಟೈರಿನ ಕಡೆಗೆ ಗಾಡಿ ಎಳೆಯುವುದು ಸಹಜ. ಅದರ ಮೇಲೆ, ಮಳೆನೀರು ಹರಿಯಲೆಂದು ರಸ್ತೆಯ ಬೆನ್ನನ್ನು ನಡುವೆ ಉಬ್ಬಿಸಿರುತ್ತಾರೆ; ಎಡಬದಿಯಲ್ಲಿ ಹೋಗುವ ವಾಹನಕ್ಕೆ ಎಡಕ್ಕೇ ಇಳಿಜಾರು. ಎಷ್ಟೋ ಗಾಡಿಗಳು ರಸ್ತೆಯ ತಪ್ಪಿಗೆ ಷೆಡ್ಡಿನಲ್ಲಿ ಶಿಕ್ಷೆ ಅನುಭವಿಸಿವೆ. ಸಮತಟ್ಟಾದ ಬಯಲಿನಲ್ಲಿ ಓಡಿಸಿ ನೋಡಿದ ಮೇಲೆಯೇ ತೀರ್ಪು ಕೊಡುವುದು ನ್ಯಾಯ. ಅನುಮಾನ ತೀರದಿದ್ದರೆ ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಬಹುದು. ಎಳೆತ ಬಲಕ್ಕೆ ತಿರುಗಿತೇ? ದೋಷ ಟೈರಿನದು, ಅಲೈನ್‌ಮೆಂಟಿನದಲ್ಲ. ಒಂದು ಕಡೆಯ ಬ್ರೇಕು ಬಿಡದೆ ಹಿಡಿದುಕೊಂಡಿದ್ದರೂ ಗಾಡಿ ಆ ಕಡೆಗೇ ಎಳೆಯುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಆ ಗಾಲಿಯ ನಡುಭಾಗ ಇನ್ನೊಂದಕ್ಕಿಂತ ಬಿಸಿಯಾಗಿರುವುದೇ ಅದರ ಸುಳಿವು.

ಆನಂತರ ಜಾಕಿಯ ಕೆಲಸ. ಹಿಂದಿನ ಗಾಲಿಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಡಬೇಕು. ಜಾಕಿಯ ಮೇಲೆ ಗಾಡಿಯನ್ನು ನಂಬಿ ಕೆಳಗೆ ನುಸುಳಕೂಡದು. ಗಟ್ಟಿಯಾದ ಸ್ಟ್ಯಾಂಡು ಇಟ್ಟ ಮೇಲೆಯೇ ಕೈ ಹಾಕಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಎತ್ತಿದ ಗಾಲಿಯನ್ನು ನೆತ್ತಿಯಲ್ಲೊಂದು ಕೈ, ಬುಡದಲ್ಲೊಂದು ಕೈ ಹಿಡಿದು ಅಲ್ಲಾಡಿಸಿದಾಗ ಲೊಡಲೊಡ ಎಂದರೆ ಬೇರಿಂಗ್ ಸಡಿಲವಿರಬೇಕು ಇಲ್ಲವೇ ಕಿಂಗ್‌ಪಿನ್ ಸವೆದಿರಬೇಕು. ಎರಡರಲ್ಲಿ ಯಾವುದೆಂದು ಕಂಡುಹಿಡಿಯಲು ಒಂದು ಸೊಗಸಾದ ಉಪಾಯವುಂಟು: ಇನ್ನೊಬ್ಬರು ಬ್ರೇಕು ತುಳಿದಿರಲಿ, ಆಗ ಮತ್ತೆ ಅಲ್ಲಾಡಿಸಿ ನೋಡಬೇಕು. ಅಲುಗಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ಈ ಗಾಡಿಯಲ್ಲಿ ಅಲುಗಾಟ ನಿಲ್ಲಲಿಲ್ಲ. ಗ್ರೀಸ್ ತುಂಬುವ ನಿಪ್ಪಲ್ಲಿನ ಬಾಯಿಗೆ ಕೆಸರು ಮೆತ್ತಿ ಕಲ್ಲಾಗಿದೆ. ಎಷ್ಟು ವರ್ಷದಿಂದ ಹೊಸ ಗ್ರೀಸು ಒಳಗೆ ಹೋಗಿಲ್ಲವೋ! ಎತ್ತಿನ ಗಾಡಿಯ ಕಾಲದಲ್ಲಿ ಕೀಲೆಣ್ಣೆಯ ಗೊಟ್ಟವನ್ನು ಗಾಡಿಯ ಕೆಳಗೇ ತೂಗುಹಾಕಿರುತ್ತಿದ್ದರು, ಮರೆಯುವಂತೆಯೇ ಇರಲಿಲ್ಲ. ಒಣಗಿದ ಪಿನ್ನು ತನ್ನ ಬುಷ್ಷನ್ನು ತಾನೇ ತಿಂದಿದೆ. ಗಾಡಿಯ ಭಾರಕ್ಕೆ ಎಡಗಾಲಿಯ ನೆತ್ತಿ ಒಳಕ್ಕೆ ವಾಲಿ, ಟೈರಿನ ಒಳಅಂಚು ಮಾತ್ರ ನೆಲವನ್ನು ಒತ್ತುತ್ತಿದೆ.

ಗಾಲಿಯನ್ನು ಎಡಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಇನ್ನೊಂದು ಗುಟ್ಟು ಬಯಲಾಗುತ್ತದೆ. ಎರಡು ಗಾಲಿಗಳನ್ನು ಜೋಡಿಸುವ ಟೈ ರಾಡಿನ ತುದಿಯಲ್ಲಿ ಗುಂಡಿನಾಕಾರದ ಕೀಲೊಂದಿದೆ. ಅದರ ರಬ್ಬರ್ ಟೋಪಿ ಹರಿದು ಧೂಳು ಸೇರಿ, ಗುಂಡು ತನ್ನ ಗೂಡಿನಲ್ಲಿ ಅಡ್ಡಾಡುತ್ತಿದೆ. ಮೂರು ಸಲ ಮಾಡಿಸಿದ ಅಲೈನ್‌ಮೆಂಟ್ ಮೂರು ಸಲವೂ ಕೆಟ್ಟದ್ದರ ಕಾರಣ ಇದೇ. ನಿಂತ ಗಾಡಿಯಲ್ಲಿ ಅಳತೆ ಸರಿಬರುತ್ತದೆ. ಓಡಲು ಮೊದಲಾದೊಡನೆ ನೆಲದ ಎಳೆತಕ್ಕೆ ಗಾಲಿಗಳು ಆ ಸಡಿಲಿಕೆಯಷ್ಟೂ ಹೊರಕ್ಕೆ ಹರಡಿಬಿಡುತ್ತವೆ. ಅಳೆಯುವ ಯಂತ್ರ ಎಷ್ಟು ದುಬಾರಿಯದಾದರೂ ಅದು ಅಳೆಯುವುದು ನಿಂತ ಗಾಡಿಯನ್ನೇ. ಅಲುಗುವ ಕಂಬಕ್ಕೆ ತೂಗುಗುಂಡು ಹಿಡಿದು ಮೂರು ಸಲ ನೇರ ನೋಡಿದಂತಾಯಿತು.

ಇನ್ನೂ ನೋಡಬೇಕಾದ ಸ್ಥಳವೊಂದಿದೆ. ಹಳೆಯ ಬಗೆಯ ಗಾಡಿಗಳಲ್ಲಿ ಇಡಿಯ ಅಚ್ಚು ಸ್ಪ್ರಿಂಗ್ ಪಟ್ಟಿಗಳ ಕಟ್ಟಿಗೆ ಯು ಬೋಲ್ಟುಗಳಿಂದ ಬಿಗಿಯಲ್ಪಟ್ಟಿರುತ್ತದೆ. ಬೋಲ್ಟು ಸಡಿಲವಾಗಿ ನಡುವಿನ ಮೊಳೆ ಮುರಿದರೆ ಅಚ್ಚೇ ಜರುಗುತ್ತದೆ. ಆಗ ಒಂದು ಕಡೆ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಇರುವ ದೂರ ಇನ್ನೊಂದು ಕಡೆಗಿಂತ ಬೇರೆಯಾಗುತ್ತದೆ. ಒಂದು ಟೇಪು ಸಾಕು, ತಿಳಿದುಹೋಗುತ್ತದೆ. ಅಚ್ಚೇ ಬಗ್ಗಿದ್ದಲ್ಲಿ ಕೆಲವರು ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡಲು ಹೊರಡುತ್ತಾರೆ. ಉಕ್ಕಿನ ಗಟ್ಟಿತನ ಅಲ್ಲಿಗೆ ಮುಗಿಯಿತು; ಅಂತಹ ಅಚ್ಚನ್ನು ಬದಲಾಯಿಸುವುದಲ್ಲದೆ ಬೇರೆ ಮಾರ್ಗವಿಲ್ಲ. ಈಚಿನ ಪಿಕಪ್ಪುಗಳಲ್ಲಿ ಮುಂದಿನ ಗಾಲಿಗಳು ಬೇರೆ ಬೇರೆಯಾಗಿ ಏರಿಳಿಯುವುದರಿಂದ ಕಿಂಗ್‌ಪಿನ್ನಿನ ಬದಲು ಬಾಲ್ ಜಾಯಿಂಟುಗಳನ್ನೂ ರಬ್ಬರ್ ಬುಷ್ಷುಗಳನ್ನೂ ಪರೀಕ್ಷಿಸಬೇಕು. ಕ್ರಮ ಮಾತ್ರ ಅದೇ.

ಹೊಸ ಕಿಂಗ್‌ಪಿನ್, ಅಳತೆಗೆ ಕೊರೆದ ಬುಷ್ಷು, ಹೊಸ ಟೈ ರಾಡ್ ತುದಿಗಳು ಕುಳಿತಾದ ಮೇಲೆ ರಾಡು ತಿರುಗಿಸುವ ಹೊತ್ತು ಬರುತ್ತದೆ. ಹಳೆಯ ಮೇಸ್ತ್ರಿಗಳು ಇದನ್ನು ಸೀಮೆಸುಣ್ಣ ಮತ್ತು ಮೊಳೆಯಿಂದಲೇ ಮಾಡುತ್ತಾರೆ. ಎತ್ತಿದ ಗಾಲಿಯ ಮೈಗೆ ಸೀಮೆಸುಣ್ಣ ಬಳಿದು, ಅಲುಗದಂತೆ ಹಿಡಿದ ಮೊಳೆಗೆ ಗಾಲಿಯನ್ನು ತಿರುಗಿಸಿದರೆ ಸುತ್ತಲೂ ಒಂದು ಗೆರೆ ಮೂಡುತ್ತದೆ. ಗಾಡಿಯನ್ನು ಇಳಿಸಿ, ಕೆಲವು ಗಜ ಮುಂದಕ್ಕೆ ತಳ್ಳಿ, ಸ್ಪ್ರಿಂಗು ತನ್ನ ಜಾಗಕ್ಕೆ ಕುಳಿತ ಮೇಲೆ ಅಚ್ಚಿನ ಎತ್ತರದಲ್ಲಿ ಎರಡು ಗೆರೆಗಳ ನಡುವಣ ದೂರವನ್ನು ಮುಂಭಾಗದಲ್ಲಿ ಅಳೆದು ಗುರುತು ಮಾಡುವರು. ಅದೇ ಗುರುತು ಹಿಂಭಾಗಕ್ಕೆ ಬರುವಷ್ಟು, ಎಂದರೆ ಅರ್ಧ ಸುತ್ತು, ಮತ್ತೆ ಮುಂದಕ್ಕೆ ತಳ್ಳಿ ಇನ್ನೊಮ್ಮೆ ಅಳೆಯುವರು. ಹೀಗೆ ಒಂದೇ ಬಿಂದುವನ್ನು ಎರಡು ಸ್ಥಳದಲ್ಲಿ ಅಳೆಯುವುದರಿಂದ, ರಿಮ್ಮು ತುಸು ಸೊಟ್ಟಗಿದ್ದರೂ ಲೆಕ್ಕ ಕೆಡುವುದಿಲ್ಲ. ಹಿಂದಕ್ಕೆ ಮಾತ್ರ ತಳ್ಳಬಾರದು. ಕೀಲುಗಳು ಎದುರು ದಿಕ್ಕಿಗೆ ಸರಿದು ಅಳತೆ ಸುಳ್ಳಾಗುತ್ತದೆ. ಎರಡು ಅಳತೆಗಳ ಅಂತರವೇ ಟೋ. ತಯಾರಕರ ಪುಸ್ತಕದಲ್ಲಿ ಎಷ್ಟು ಹೇಳಿದೆಯೋ ಅಷ್ಟಕ್ಕೆ ರಾಡನ್ನು ತಿರುಗಿಸಿ ಬಿಗಿಯುವುದು. ರಾಡಿನ ಒಂದು ತುದಿಗೆ ಬಲಮರೆ, ಇನ್ನೊಂದಕ್ಕೆ ಎಡಮರೆ ಇರುವುದರಿಂದ ಅದನ್ನು ತಿರುಗಿಸಿದಂತೆ ಎರಡು ಗಾಲಿಗಳೂ ಒಟ್ಟಿಗೆ ಹತ್ತಿರ ಬರುತ್ತವೆ ಅಥವಾ ದೂರ ಸರಿಯುತ್ತವೆ. ತುಕ್ಕು ಹಿಡಿದ ಮರೆಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡುವುದು ಜಾಣತನ.

ಪಟ್ಟಣದ ಕಂಪ್ಯೂಟರ್ ಯಂತ್ರ ಬೇಡವೆಂದು ಇದರ ಅರ್ಥವಲ್ಲ. ಕ್ಯಾಂಬರ್, ಕ್ಯಾಸ್ಟರುಗಳನ್ನು ದಾರದಿಂದ ನಿಖರವಾಗಿ ಅಳೆಯುವುದು ಕಷ್ಟ. ಅದಕ್ಕೆ ಯಂತ್ರವೇ ಸರಿ. ಆದರೆ ಅಲ್ಲಿ ಗಾಡಿಯನ್ನು ಜಾಕಿಯ ಮೇಲೆತ್ತಿ ಅಲ್ಲಾಡಿಸದೆಯೇ ಪರದೆಯ ಮೇಲಿನ ಅಂಕಿಗಳನ್ನು ತೋರಿಸಿ ಹಣ ಕೇಳಿದರೆ, “ಮೊದಲು ಕೀಲುಗಳನ್ನು ನೋಡಿದಿರಾ?” ಎಂದು ಕೇಳುವ ಹಕ್ಕು ಗಿರಾಕಿಗೆ ಇದ್ದೇ ಇದೆ. ಮನೆಯಲ್ಲಿ ಹಳೆಯ ಕಾರು ಇಟ್ಟುಕೊಂಡಿರುವ ಸಂಸಾರಿಗಳಿಗೂ ಈ ಪ್ರಶ್ನೆ ಉಪಯೋಗಕ್ಕೆ ಬರುವಂಥದೇ.

ಹರಿದ ರಬ್ಬರ್ ಟೋಪಿಯ ಆ ಪುಟ್ಟ ಗುಂಡು ಇನ್ನಷ್ಟು ಸವೆದಿದ್ದರೆ ಗೂಡಿನಿಂದ ಕಳಚಿಯೇ ಬರುತ್ತಿತ್ತು. ಕಳಚಿದ ಕ್ಷಣದಲ್ಲಿ ಸ್ಟಿಯರಿಂಗ್ ಕೈಯಲ್ಲಿದ್ದರೂ ಒಂದು ಗಾಲಿ ಯಾರ ಮಾತನ್ನೂ ಕೇಳದೆ ತನಗೆ ತೋಚಿದತ್ತ ತಿರುಗುತ್ತದೆ. ಹಿಂದೆ ಕಾಯಿಯ ಹೊರೆ ಅತಿಯಾಗಿ ತುಂಬಿದ್ದರೆ ಮುಂದಿನ ಗಾಲಿಗಳ ಮೇಲಿನ ಭಾರ ತಗ್ಗಿ ಹಿಡಿತ ಮೊದಲೇ ಸಡಿಲವಾಗಿರುತ್ತದೆ. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸಬಾರದೆಂದು ಕಾನೂನು ಹೇಳಿದರೂ, ಕೊಯ್ಲಿನ ದಿನಗಳಲ್ಲಿ ಕೂಲಿಯ ಹೆಂಗಸರು, ಕಾಯಿ ಕೀಳುವ ಆಳುಗಳು ಹೊರೆಯ ಮೇಲೆಯೇ ಕುಳಿತು ಊರಿಗೆ ಮರಳುವುದನ್ನು ಯಾರು ನೋಡಿಲ್ಲ?

ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಬೋಳಾದ ಟೈರು ಇಳಿದು ಹೊಸದು ಏರಿತು. ಯಜಮಾನರು ಖಾಲಿ ಗಾಡಿಯನ್ನು ಊರಾಚೆಯ ನೇರ ರಸ್ತೆಗೆ ಒಯ್ದು, ನಿಧಾನವಾಗಿ ಓಡಿಸುತ್ತ ಸ್ಟಿಯರಿಂಗಿನ ಮೇಲಿನ ಹಿಡಿತವನ್ನು ತುಸು ಸಡಿಲಿಸಿದರು. ಗಾಡಿ ತನ್ನ ಪಾಡಿಗೆ ನೇರವಾಗಿ ಹೋಯಿತು. ಹಿಂದಿರುಗಿ ಬಂದು ಲೆಕ್ಕ ಕೇಳಿದಾಗ ಮೇಸ್ತ್ರಿ ಮೊದಲು ಕೈಗೆ ಕೊಟ್ಟದ್ದು ಚೀಟಿಯನ್ನಲ್ಲ, ಒಳಗೋಡೆ ಕಾಗದದಷ್ಟು ತೆಳುವಾಗಿದ್ದ ಹಳೆಯ ಬುಷ್ಷನ್ನು.

“ಇದನ್ನ ಗಾಡಿ ಒಳಗೇ ಇಟ್ಕೊಳ್ಳಿ ಗೌಡ್ರೇ. ಗ್ರೀಸು ಹಾಕ್ಸೋದು ಮರೆತಾಗ ಕಣ್ಣಿಗೆ ಬೀಳುತ್ತೆ.”